ಲಕ್ಷದ ಫೋನಿನಲ್ಲಿ ಇಲ್ಲದ ರೇಡಿಯೋ



ವಿಜ್ಞಾನ ಮಾತುಕತೆಯ ದಿನ ಸ್ಟುಡಿಯೋಗೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಕೇಳುವವರು ಬೇರೆ ಬೇರೆ, ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ಸಾವಿರ ಚಿಲ್ಲರೆ ರೂಪಾಯಿಯ ಗುಂಡಿ ಒತ್ತುವ ಫೋನಿನಲ್ಲಿ ರೇಡಿಯೋ ಇದೆ. ಮಗ ಲಕ್ಷ ಕೊಟ್ಟು ತಂದುಕೊಟ್ಟ ಫೋನಿನಲ್ಲಿ ಯಾಕೆ ಇಲ್ಲ?" ಕೆಲವರು ರೇಡಿಯೋ ಬದಲು ಇಯರ್‌ಫೋನ್ ಚುಚ್ಚುವ ತೂತಿನ ಬಗ್ಗೆ ಕೇಳುತ್ತಾರೆ. ಇನ್ನು ಕೆಲವರದು ಮೆಮೊರಿ ಕಾರ್ಡಿನ ಚಿಂತೆ. ಪೆಟ್ಟಿಗೆ ಬಿಚ್ಚಿದರೆ ಚಾರ್ಜರ್ ಇರಲಿಲ್ಲ ಎಂಬುದು ಮತ್ತೆ ಕೆಲವರ ದೂರು.

ಇದನ್ನು ವಯಸ್ಸಾದವರ ಗೊಣಗಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಪ್ರಶ್ನೆಯ ಹಿಂದೆ ಒಂದಿಷ್ಟು ಭೌತಶಾಸ್ತ್ರ ಇದೆ, ಒಂದಿಷ್ಟು ವ್ಯಾಪಾರದ ಲೆಕ್ಕ ಇದೆ. ಮಳೆ ಹುಚ್ಚೆದ್ದು ಸುರಿದ ದಿನ ಜೀವದ ಪ್ರಶ್ನೆಯೂ ಆಗಬಲ್ಲದು. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಕತ್ತರಿಸಿ ಅಂಟಿಸಲು ಎರಡು ವರ್ಷ

ದುಬಾರಿ ಫೋನಿನಲ್ಲಿ ಸಾಮಾನ್ಯ ಸೌಲಭ್ಯ ಇಲ್ಲದಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಈಗ ನಾವು ಸ್ಮಾರ್ಟ್‌ಫೋನ್ ಎಂದು ಕರೆಯುವ ಸಾಧನಕ್ಕೆ ಇಂದಿನ ರೂಪ ಕೊಟ್ಟದ್ದು ಆ್ಯಪಲ್ ಕಂಪನಿಯ ಐಫೋನ್. ಸ್ಟೀವ್ ಜಾಬ್ಸ್ ಅದನ್ನು ಜಗತ್ತಿಗೆ ತೋರಿಸಿದ್ದು 2007ರ ಜನವರಿ 9ರಂದು. ಅಮೆರಿಕದ ಅಂಗಡಿಗಳಲ್ಲಿ ಅದೇ ವರ್ಷದ ಜೂನ್ 29ರಿಂದ ಮಾರಾಟ. ಬೆಲೆ 499 ಡಾಲರ್ ಮತ್ತು 599 ಡಾಲರ್. ಜನ ಸಾಲುಗಟ್ಟಿ ನಿಂತು ಕೊಂಡರು. ಗಾಜಿನ ಮೇಲೆ ಬೆರಳಾಡಿಸಿದರೆ ಚಿತ್ರ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅದೊಂದು ವಿಸ್ಮಯ.

ಆದರೆ ಆ ಫೋನಿನಲ್ಲಿ ಏನೇನು ಇರಲಿಲ್ಲ ಎಂದು ಪಟ್ಟಿ ಮಾಡಿದರೆ ಇವತ್ತು ನಗು ಬರುತ್ತದೆ. ಕ್ಯಾಮೆರಾ ಇತ್ತು, ವಿಡಿಯೋ ತೆಗೆಯಲು ಆಗುತ್ತಿರಲಿಲ್ಲ. ಬಂದ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸಲು ಆಗುತ್ತಿರಲಿಲ್ಲ. ಚಿತ್ರ ಸೇರಿಸಿ ಸಂದೇಶ ಕಳಿಸಲು ಆಗುತ್ತಿರಲಿಲ್ಲ. ಆಗಲೇ ಬೇರೆ ಫೋನುಗಳಲ್ಲಿ ಬಂದಿದ್ದ 3ಜಿ ಜಾಲ ಅದಕ್ಕೆ ಸಿಗುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಒಂದು ಕಡೆಯ ಬರಹವನ್ನು ನಕಲಿಸಿ ಇನ್ನೊಂದು ಕಡೆ ಅಂಟಿಸುವ ಸೌಲಭ್ಯವೇ ಇರಲಿಲ್ಲ. ಯಾರಾದರೂ ವಿಳಾಸ ಕಳಿಸಿದರೆ ಅದನ್ನು ಕಾಗದದ ಮೇಲೆ ಬರೆದುಕೊಂಡು ಮತ್ತೆ ಕುಟ್ಟಬೇಕಾಗಿತ್ತು.

ಇಲ್ಲೊಂದು ಸೋಜಿಗವಿದೆ. ಕತ್ತರಿಸು, ನಕಲಿಸು, ಅಂಟಿಸು ಎಂಬ ಈ ಮೂರು ಕೆಲಸಗಳಿಗೆ ಗಣಕದಲ್ಲಿ ಇಂದಿನ ರೂಪ ಕೊಟ್ಟವರಲ್ಲಿ ಮುಖ್ಯರು ಲ್ಯಾರಿ ಟೆಸ್ಲರ್. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದಾಗ ಅವರು ಈ ಕೆಲಸ ಮಾಡಿದರು. 1980ರಿಂದ 1997ರವರೆಗೆ ಅವರು ದುಡಿದದ್ದು ಇದೇ ಆ್ಯಪಲ್ ಕಂಪನಿಯಲ್ಲಿ! ಮನೆಯಲ್ಲೇ ಬೆಳೆದ ವಿದ್ಯೆ ಮನೆಯ ಹೊಸ ಫೋನಿಗೆ ಬರಲು 2009ರ ಜೂನ್ ತಿಂಗಳವರೆಗೆ ಕಾಯಬೇಕಾಯಿತು. ಆ ಫೋನಿನ ಕೀಲಿಮಣೆ ರೂಪಿಸಿದ ಎಂಜಿನಿಯರೊಬ್ಬರು ಎಷ್ಟೋ ವರ್ಷಗಳ ನಂತರ ಇದಕ್ಕೆ ಕಾರಣ ಹೇಳಿದರು. ಅದನ್ನು ಸರಿಯಾಗಿ ಮಾಡಲು ಆಗ ಸಮಯ ಸಾಲಲಿಲ್ಲ, ಅಷ್ಟೇ.

ನಮ್ಮ ದೇಶಕ್ಕೆ ಐಫೋನ್ ಅಧಿಕೃತವಾಗಿ ಬಂದದ್ದು 2008ರ ಆಗಸ್ಟಿನಲ್ಲಿ. ಕಡಿಮೆ ಮೆಮೊರಿಯ ಮಾದರಿಗೇ 31,000 ರೂಪಾಯಿ. ಆ ಹೊತ್ತಿಗೂ ನಕಲಿಸಿ ಅಂಟಿಸುವ ಸೌಲಭ್ಯ ಇರಲಿಲ್ಲ. ಅದೇ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಓಡಾಡುತ್ತಿದ್ದ ನೋಕಿಯಾ 1100 ನೆನಪಿಸಿಕೊಳ್ಳಿ. 2003ರಲ್ಲಿ ಬಂದ ಆ ಫೋನಿನ ತಲೆಯ ಮೇಲೊಂದು ಪುಟ್ಟ ಟಾರ್ಚ್ ಇತ್ತು. ಕರೆಂಟ್ ಹೋದಾಗ, ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವಾಗ, ಅದರ ಬೆಳಕು ಸಾಕಾಗುತ್ತಿತ್ತು. ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಆ ಫೋನುಗಳು ಮಾರಾಟವಾದವು. ಐಫೋನಿನಲ್ಲಿ ಕಂಪನಿಯೇ ಕೊಟ್ಟ ಟಾರ್ಚ್ ಗುಂಡಿ ಬಂದದ್ದು 2013ರಲ್ಲಿ, ಅಂದರೆ ಹತ್ತು ವರ್ಷ ತಡವಾಗಿ.

ಈವರೆಗೆ ಹೇಳಿದ್ದು ತಡವಾಗಿಯಾದರೂ ಬಂದ ಸೌಲಭ್ಯಗಳ ಕಥೆ. ತಂತ್ರಾಂಶದ ಕೊರತೆ ಹೀಗೆಯೇ. ಒಂದಲ್ಲ ಒಂದು ದಿನ ಹೊಸ ಆವೃತ್ತಿ ಬಂದು ತುಂಬಿಕೊಡುತ್ತದೆ. ಇದ್ದದ್ದನ್ನು ಕಿತ್ತು ಹಾಕಿದರೆ ಅದು ಬೇರೆಯೇ ಕಥೆ. ಯಂತ್ರದಲ್ಲೇ ಇಲ್ಲದ ಭಾಗವನ್ನು ಯಾವ ತಂತ್ರಾಂಶವೂ ತಂದುಕೊಡಲಾರದು.

ಮೂರೂವರೆ ಮಿಲಿಮೀಟರಿನ ತೂತು

ಇಯರ್‌ಫೋನ್ ಚುಚ್ಚುವ ಆ ದುಂಡು ತೂತಿಗೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕುಳಿತ ಸಹಾಯಕರು ಒಂದು ಹಲಗೆಯಿಂದ ಕಡ್ಡಿ ಕಿತ್ತು ಇನ್ನೊಂದು ತೂತಿಗೆ ಚುಚ್ಚಿ ಕರೆ ಜೋಡಿಸುತ್ತಿದ್ದರು. ಆ ಕಡ್ಡಿಯ ದಪ್ಪ ಕಾಲು ಅಂಗುಲ. ಗಿಟಾರ್ ಮತ್ತು ಧ್ವನಿವರ್ಧಕಗಳಲ್ಲಿ ಇಂದಿಗೂ ಅದೇ ಇದೆ. ನಮ್ಮ ಸ್ಟುಡಿಯೋಗಳಲ್ಲೂ ಅದನ್ನು ದಿನಾ ಕಾಣುತ್ತೇವೆ. ಅದರ ಚಿಕ್ಕ ತಮ್ಮನೇ ಮೂರೂವರೆ ಮಿಲಿಮೀಟರಿನ ಕಡ್ಡಿ. ಟ್ರಾನ್ಸಿಸ್ಟರ್ ರೇಡಿಯೋಗಳ ಕಾಲದಲ್ಲಿ ಹಬ್ಬಿತು. 1979ರಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಮನೆಮಾತಾಯಿತು. ಯಾವ ಕಂಪನಿಯ ಇಯರ್‌ಫೋನನ್ನು ಯಾವ ಕಂಪನಿಯ ಯಂತ್ರಕ್ಕಾದರೂ ಚುಚ್ಚಬಹುದಿತ್ತು. ಇದು ಯಾರಪ್ಪನ ಸ್ವತ್ತೂ ಆಗಿರಲಿಲ್ಲ. ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲೂ ಸಿಗುತ್ತಿತ್ತು.

2016ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಐಫೋನ್ 7ರಿಂದ ಈ ತೂತನ್ನು ತೆಗೆದುಹಾಕಿತು. ವೇದಿಕೆಯ ಮೇಲೆ ಕಂಪನಿಯ ಅಧಿಕಾರಿ ಫಿಲ್ ಶಿಲ್ಲರ್ ಇದಕ್ಕೆ ಕೊಟ್ಟ ಕಾರಣಗಳಲ್ಲಿ "ಧೈರ್ಯ" ಎಂಬ ಮಾತೂ ಇತ್ತು. ಅದೇ ವೇದಿಕೆಯಲ್ಲಿ ತಂತಿಯಿಲ್ಲದ ಇಯರ್‌ಫೋನುಗಳನ್ನೂ ಪರಿಚಯಿಸಲಾಯಿತು. ಅವುಗಳಿಗೆ ಬೇರೆ ಬೆಲೆ ತೆರಬೇಕು ಎಂದು ಹೇಳಬೇಕಾಗಿಲ್ಲ.

ಎದುರಾಳಿ ಕಂಪನಿಗಳು ಆಗ ನಕ್ಕವು. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಆ ತೂತು ಇದೆ ಎಂದು ಜಾಹೀರಾತಿನಲ್ಲೇ ಹೇಳಿಕೊಂಡಿತು. ಮರುವರ್ಷದ ಪಿಕ್ಸೆಲ್ 2ರಲ್ಲಿ ತೂತು ಮಾಯ. ಸ್ಯಾಮ್‌ಸಂಗ್ ಕೂಡ ಜಾಹೀರಾತಿನಲ್ಲಿ ಆ್ಯಪಲನ್ನು ಛೇಡಿಸಿತ್ತು. 2019ರ ಗ್ಯಾಲಕ್ಸಿ ನೋಟ್ 10ರಲ್ಲಿ ತಾನೂ ಅದನ್ನೇ ಮಾಡಿತು. 2020ರ ಐಫೋನ್ 12ರಲ್ಲಿ ಚಾರ್ಜರ್ ಪೆಟ್ಟಿಗೆಯಿಂದ ಹೊರಬಿತ್ತು. 2021ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್21ರಲ್ಲಿ ಚಾರ್ಜರೂ ಇಲ್ಲ, ಮೆಮೊರಿ ಕಾರ್ಡಿನ ಜಾಗವೂ ಇಲ್ಲ. ಒಬ್ಬ ದೊಡ್ಡ ವ್ಯಾಪಾರಿ ಒಂದು ಸೌಲಭ್ಯ ಕಿತ್ತು ದಕ್ಕಿಸಿಕೊಂಡರೆ ಉಳಿದವರಿಗೆ ದಾರಿ ಸಲೀಸು.

ತಂತಿಯೇ ಆಂಟೆನಾ

ಈಗ ರೇಡಿಯೋ ವಿಚಾರಕ್ಕೆ ಬರೋಣ. ತೂತಿಗೂ ರೇಡಿಯೋಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನೇರವಾಗಿದೆ. ಪಿಯುಸಿ ಭೌತಶಾಸ್ತ್ರದಷ್ಟು ಲೆಕ್ಕದಲ್ಲಿ ಅದನ್ನು ತಿಳಿದುಕೊಳ್ಳಬಹುದು.

ರೇಡಿಯೋ ತರಂಗ ಬೆಳಕಿನ ವೇಗದಲ್ಲಿ ಸಾಗುತ್ತದೆ. ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ಎಫ್‌ಎಂ ಕೇಂದ್ರಗಳು ಪ್ರಸಾರ ಮಾಡುವುದು 88ರಿಂದ 108 ಮೆಗಾಹರ್ಟ್ಸ್ ನಡುವೆ. ಲೆಕ್ಕಕ್ಕೆ ಅನುಕೂಲವಾಗಲೆಂದು 100 ಮೆಗಾಹರ್ಟ್ಸ್ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 10 ಕೋಟಿ ಕಂಪನ. 30 ಕೋಟಿಯನ್ನು 10 ಕೋಟಿಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ 3 ಮೀಟರ್ ಎಂದಾಯಿತು. ಇಂಥ ಅಲೆಯನ್ನು ಚೆನ್ನಾಗಿ ಹಿಡಿಯಲು ಅದರ ಕಾಲು ಭಾಗದಷ್ಟು ಉದ್ದದ ಲೋಹದ ತಂತಿ ಬೇಕು. ಅಂದರೆ 75 ಸೆಂಟಿಮೀಟರ್. ಹಳೆಯ ಟ್ರಾನ್ಸಿಸ್ಟರಿನಿಂದ ಮೇಲಕ್ಕೆ ಎಳೆಯುತ್ತಿದ್ದೆವಲ್ಲ, ಆ ಕಡ್ಡಿಯ ಉದ್ದವೂ ಆಸುಪಾಸು ಇದೇ.

ನಿಮ್ಮ ಫೋನಿನ ಉದ್ದ ಎಷ್ಟು? ಸುಮಾರು 16 ಸೆಂಟಿಮೀಟರ್. 75 ಸೆಂಟಿಮೀಟರಿನ ಕಡ್ಡಿ ಅದರೊಳಗೆ ಹಿಡಿಸುವುದಿಲ್ಲ. ಹಾಗಾದರೆ ಫೋನಿನ ಕರೆಗಳು ಹೇಗೆ ಬರುತ್ತವೆ? ಮೊಬೈಲ್ ಜಾಲದ ಕಂಪನಗಳು ತುಂಬ ಹೆಚ್ಚು. 900 ಮೆಗಾಹರ್ಟ್ಸ್ ಆದರೆ ಅಲೆಯ ಉದ್ದ 33 ಸೆಂಟಿಮೀಟರ್, ಅದರ ಕಾಲು ಭಾಗ 8 ಸೆಂಟಿಮೀಟರ್. 1800 ಮೆಗಾಹರ್ಟ್ಸ್ ಆದರೆ 4 ಸೆಂಟಿಮೀಟರ್ ಸಾಕು. ಇಷ್ಟು ಸಣ್ಣ ಆಂಟೆನಾ ಫೋನಿನ ಅಂಚಿನಲ್ಲೇ ಅಡಗುತ್ತದೆ.

ಎಫ್‌ಎಂ ಅಲೆಗೆ ಉದ್ದ ತಂತಿ ಬೇಕಲ್ಲ, ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಸೊಗಸು. ಕೇಳುಗ ಹೇಗೂ ಕಿವಿಗೆ ತಂತಿ ಹಾಕಿಕೊಳ್ಳುತ್ತಾನೆ. ಆ ತಂತಿಯ ಉದ್ದ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನೇ ಆಂಟೆನಾ ಮಾಡಿಕೊಂಡರಾಯಿತು! "ರೇಡಿಯೋ ಕೇಳಲು ಇಯರ್‌ಫೋನ್ ಜೋಡಿಸಿ" ಎಂದು ನಿಮ್ಮ ಹಳೆಯ ಫೋನ್ ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಧ್ವನಿ ಸ್ಪೀಕರಿನಲ್ಲಿ ಬಂದರೂ ತಂತಿ ಚುಚ್ಚಿರಬೇಕಾಗಿತ್ತು.

ತೂತು ಹೋಯಿತು, ತಂತಿ ಹೋಯಿತು, ಆಂಟೆನಾ ಹೋಯಿತು. ಬ್ಲೂಟೂತ್ ಇಯರ್‌ಫೋನಿಗೆ ತಂತಿಯೇ ಇಲ್ಲ, ಆದ್ದರಿಂದ ಅದು ಈ ಕೆಲಸ ಮಾಡಲಾರದು. ಟೈಪ್-ಸಿ ಕಿಂಡಿಯ ಮೂಲಕ ತಂತಿ ಜೋಡಿಸಿ ರೇಡಿಯೋ ಹಿಡಿಯುವಂತೆ ಮಾಡಿದ ಫೋನುಗಳು ಕೆಲವು ಇವೆ. ಹಾಗಾಗಿ ಇದು ಅಸಾಧ್ಯವೇನಲ್ಲ, ಯಾರಾದರೂ ಮನಸ್ಸು ಮಾಡಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಫೋನಿನೊಳಗೆ ವೈ-ಫೈ ಮತ್ತು ಬ್ಲೂಟೂತ್ ಕೆಲಸ ನೋಡಿಕೊಳ್ಳುವ ಚಿಪ್ಪಿನಲ್ಲೇ ಎಫ್‌ಎಂ ಗ್ರಾಹಕವೂ ಸೇರಿರುವುದು ಸಾಮಾನ್ಯವಾಗಿತ್ತು. ಚಿಪ್ ತಯಾರಕರು ಎಲ್ಲವನ್ನೂ ಒಂದರಲ್ಲೇ ಅಡಕ ಮಾಡಿ ಮಾರುತ್ತಿದ್ದರು. ಫೋನ್ ಕಂಪನಿ ಆ ಭಾಗವನ್ನು ಆಂಟೆನಾಕ್ಕೆ ಜೋಡಿಸದೆ ಬಿಡುತ್ತಿತ್ತು, ಇಲ್ಲವೇ ತಂತ್ರಾಂಶದಲ್ಲಿ ಬೀಗ ಹಾಕುತ್ತಿತ್ತು. ಇಂಥ ಫೋನ್ ಕೊಂಡವರ ಜೇಬಿನಲ್ಲಿ ರೇಡಿಯೋ ಇತ್ತು, ಕೇಳಲು ಮಾತ್ರ ಆಗುತ್ತಿರಲಿಲ್ಲ.

ಗೋಪುರ ಉರುಳಿದ ದಿನ

ಪ್ರಸಾರದ ಕೆಲಸದಲ್ಲಿರುವವರು ರೇಡಿಯೋ ಪರ ವಕಾಲತ್ತು ವಹಿಸುವುದು ಸಹಜ ಎಂದು ನೀವು ಭಾವಿಸಬಹುದು. ಒಪ್ಪಿದೆ. ಆದ್ದರಿಂದ ನನ್ನ ಮಾತು ಬಿಟ್ಟು ಘಟನೆಗಳನ್ನು ನೋಡಿ.

2017ರ ಸೆಪ್ಟೆಂಬರಿನಲ್ಲಿ ಇರ್ಮಾ ಮತ್ತು ಮಾರಿಯಾ ಎಂಬ ಎರಡು ಚಂಡಮಾರುತಗಳು ಅಮೆರಿಕದ ಫ್ಲಾರಿಡಾ ಮತ್ತು ಪೋರ್ಟೋ ರಿಕೋಗಳನ್ನು ಅಪ್ಪಳಿಸಿದವು. ಪೋರ್ಟೋ ರಿಕೋದಲ್ಲಿ ಮಾರಿಯಾ ಬಡಿದ ಮರುದಿನ ನೂರಕ್ಕೆ 90ಕ್ಕೂ ಹೆಚ್ಚು ಮೊಬೈಲ್ ಗೋಪುರಗಳು ಕೆಲಸ ನಿಲ್ಲಿಸಿದ್ದವು. ಜನರ ಕೈಯಲ್ಲಿ ಸಾವಿರ ಡಾಲರಿನ ಫೋನ್ ಇದ್ದರೂ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಯಾವ ರಸ್ತೆ ತೆರೆದಿದೆ ಎಂದು ಹೇಳುವವರಿರಲಿಲ್ಲ. ಆಗ ಅಲ್ಲಿನ ಸಂಪರ್ಕ ಆಯೋಗದ ಅಧ್ಯಕ್ಷರಾಗಿದ್ದವರು ಅಜಿತ್ ಪೈ. ಭಾರತದಿಂದ ವಲಸೆ ಹೋದ ದಂಪತಿಗಳ ಮಗ. ಸೆಪ್ಟೆಂಬರ್ 28ರಂದು ಅವರು ಆ್ಯಪಲ್ ಕಂಪನಿಗೆ ಬಹಿರಂಗವಾಗಿಯೇ ಮನವಿ ಮಾಡಿದರು. ಐಫೋನುಗಳಲ್ಲಿರುವ ಎಫ್‌ಎಂ ಚಿಪ್ಪುಗಳನ್ನು ಚಾಲೂ ಮಾಡಿ, ಜನರ ಸುರಕ್ಷತೆ ಮೊದಲು ಎಂಬುದು ಅದರ ತಾತ್ಪರ್ಯ. ಕಂಪನಿಯ ಉತ್ತರ ಬಂತು. ಐಫೋನ್ 7 ಮತ್ತು 8ರಲ್ಲಿ ಎಫ್‌ಎಂ ಚಿಪ್ಪೂ ಇಲ್ಲ, ಅದಕ್ಕೆ ತಕ್ಕ ಆಂಟೆನಾವೂ ಇಲ್ಲ. ಆದ್ದರಿಂದ ಚಾಲೂ ಮಾಡುವ ಮಾತೇ ಇಲ್ಲ.

ನಮ್ಮಲ್ಲಿಗೆ ಬನ್ನಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದವು. ರಸ್ತೆ ಕಡಿಯಿತು, ಕರೆಂಟ್ ಹೋಯಿತು, ಹಲವು ಕಡೆ ಫೋನ್ ಸಂಪರ್ಕವೂ ಹೋಯಿತು. ಅದೇ ತಿಂಗಳು ಪಕ್ಕದ ಕೇರಳದ ಬಹುಭಾಗ ನೀರಿನಲ್ಲಿತ್ತು. ಇಂಥ ಹೊತ್ತಿನಲ್ಲಿ ಮೊಬೈಲ್ ಜಾಲಕ್ಕೂ ರೇಡಿಯೋಗೂ ಇರುವ ವ್ಯತ್ಯಾಸವನ್ನು ಅರಿಯಬೇಕು. ಒಂದು ಮೊಬೈಲ್ ಗೋಪುರದ ವ್ಯಾಪ್ತಿ ಕೆಲವೇ ಕಿಲೋಮೀಟರ್. ಒಂದು ಜಿಲ್ಲೆಗೆ ನೂರಾರು ಗೋಪುರ ಬೇಕು. ಪ್ರತಿಯೊಂದಕ್ಕೂ ಕರೆಂಟ್ ಬೇಕು, ಅದು ಹೋದರೆ ಬ್ಯಾಟರಿ ಬೇಕು, ಬ್ಯಾಟರಿ ತೀರಿದರೆ ಡೀಸೆಲ್ ಬೇಕು. ಡೀಸೆಲ್ ಒಯ್ಯುವ ರಸ್ತೆಯೇ ಕೊಚ್ಚಿಹೋಗಿದ್ದರೆ? ಜೊತೆಗೆ ಎಲ್ಲರೂ ಒಟ್ಟಿಗೆ ಕರೆ ಮಾಡಲು ಹೊರಟಾಗ ಉಳಿದ ಗೋಪುರಗಳೂ ಉಸಿರು ಕಟ್ಟುತ್ತವೆ.

ರೇಡಿಯೋ ಕೇಂದ್ರ ಹಾಗಲ್ಲ. ಎತ್ತರದ ಜಾಗದಲ್ಲಿರುವ ಒಂದು ಪ್ರೇಷಕ ಹತ್ತಾರು ಕಿಲೋಮೀಟರ್ ಸುತ್ತಳತೆಗೆ ಕೇಳಿಸುತ್ತದೆ. ಕಾಪಾಡಬೇಕಾದದ್ದು ಆ ಒಂದು ಜಾಗ, ಆ ಒಂದು ಜನರೇಟರ್. ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಪ್ರೇಷಕಕ್ಕೆ ಒಂದೇ ಭಾರ. ಕೇಳುಗನಿಗೆ ಡೇಟಾ ಖರ್ಚಿಲ್ಲ, ಸಿಮ್ ಕೂಡ ಬೇಕಿಲ್ಲ. "ಅಂತರ್ಜಾಲದಲ್ಲೇ ಎಲ್ಲ ರೇಡಿಯೋ ಸಿಗುತ್ತದಲ್ಲ" ಎಂಬ ವಾದ ಒಳ್ಳೆಯ ದಿನಗಳಿಗೆ ಸರಿ. ಜಾಲವೇ ಬಿದ್ದ ದಿನ ಆ ಆ್ಯಪ್ ಬರೀ ಚಿತ್ರ.

ನಮ್ಮ ಸರ್ಕಾರವೂ ಇದನ್ನು ಗಮನಿಸಿದೆ. 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಫೋನ್ ತಯಾರಕರ ಸಂಘಗಳಿಗೆ ಸಲಹೆ ನೀಡಿತು. ಎಫ್‌ಎಂ ಗ್ರಾಹಕ ಇರುವ ಫೋನುಗಳಲ್ಲಿ ಅದನ್ನು ಮುಚ್ಚಿಡಬೇಡಿ, ಇಲ್ಲದಿದ್ದರೆ ಸೇರಿಸುವ ಬಗ್ಗೆ ಯೋಚಿಸಿ ಎಂದು. ವಿಪತ್ತಿನ ಸಮಯದ ಉಪಯೋಗವನ್ನೂ ಬಡವರಿಗೆ ಸಿಗುವ ಉಚಿತ ಮಾಹಿತಿಯನ್ನೂ ಅದು ಕಾರಣವಾಗಿ ಕೊಟ್ಟಿತ್ತು. ಅದೇ ಸುಮಾರಿಗೆ ದೇಶದಲ್ಲಿ 91 ಹೊಸ ಎಫ್‌ಎಂ ಪ್ರೇಷಕಗಳು ಒಂದೇ ದಿನ ಉದ್ಘಾಟನೆಯಾದವು. ಒಂದು ಕಡೆ ಪ್ರಸಾರ ಹೆಚ್ಚುತ್ತಿದೆ, ಇನ್ನೊಂದು ಕಡೆ ಅದನ್ನು ಹಿಡಿಯುವ ಸಾಧನ ಜೇಬಿನಿಂದ ಮರೆಯಾಗುತ್ತಿದೆ. ಸಲಹೆ ಸಲಹೆಯೇ ಹೊರತು ಕಡ್ಡಾಯವಲ್ಲ ಎಂಬುದನ್ನೂ ಗಮನಿಸಬೇಕು.

2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನಿಮಗೆ ನೆನಪಿರಬಹುದು. ಅದು ತುರ್ತು ಎಚ್ಚರಿಕೆಯ ಪರೀಕ್ಷೆ. ಗೋಪುರದಿಂದ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಸಂದೇಶ ಬಿತ್ತರಿಸುವ ಈ ವ್ಯವಸ್ಥೆ ಒಳ್ಳೆಯದೇ. ಆದರೆ ಅದಕ್ಕೂ ಗೋಪುರ ನಿಂತಿರಬೇಕು. ಬಿರುಗಾಳಿಗೆ ಮುನ್ನ ಎಚ್ಚರಿಸಲು ಅದು ಸಮರ್ಥ, ಬಿರುಗಾಳಿಯ ನಂತರದ ದಿನಗಳಿಗೆ ರೇಡಿಯೋ.

ಒಡೆದ ಒತ್ತಕ್ಷರ

ಕನ್ನಡಿಗರಾದ ನಮಗೆ ಇನ್ನೊಂದು ಕೊರತೆಯ ಅನುಭವವೂ ಇದೆ. ಅಕ್ಷರಗಳಿಗೆ ಅಂತಾರಾಷ್ಟ್ರೀಯ ಸಂಕೇತ ಕೊಡುವ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಎಷ್ಟೋ ವರ್ಷ ದುಬಾರಿ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು, ಇಲ್ಲವೇ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತಿದ್ದವು.

ಕಾರಣ ಸರಳ. "ಕನ್ನಡ" ಎಂಬ ಪದವನ್ನು ಯಂತ್ರ ಐದು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಕ, ನ, ಒಂದು ವಿರಾಮ ಚಿಹ್ನೆ, ಮತ್ತೆ ನ, ಕೊನೆಗೆ ಡ. ವಿರಾಮ ಚಿಹ್ನೆ ಕಂಡಾಗ ಮುಂದಿನ ವ್ಯಂಜನವನ್ನು ಒತ್ತಾಗಿ ಕೆಳಗೆ ಕೂರಿಸಬೇಕು ಎಂಬ ತಿಳಿವಳಿಕೆ ತಂತ್ರಾಂಶಕ್ಕೆ ಇರಬೇಕು. ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಜೋಡಿಸಿದರೆ ಸಾಲದು. "ರಾಷ್ಟ್ರ" ಎಂಬ ಪದಕ್ಕೆ ಏಳು ಸಂಕೇತ, ಎರಡು ಒತ್ತು. ಈ ಜಾಣ್ಮೆ ಆಂಡ್ರಾಯ್ಡ್ ವ್ಯವಸ್ಥೆಗೆ ಅಧಿಕೃತವಾಗಿ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಐಫೋನಿನಲ್ಲಿ ಕಂಪನಿಯದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಫೋನಿನ ಪಟ್ಟಿಗಳೆಲ್ಲ ಕನ್ನಡದಲ್ಲೇ ಕಾಣುವ ಅನುಕೂಲ ಬಂದದ್ದು 2025ರಲ್ಲಿ.

ಭಾರತೀಯ ಮಾನಕ ಬ್ಯೂರೋದ ಐಎಸ್ 16333 ಎಂಬ ಮಾನಕದ ಮೂರನೆಯ ಭಾಗ ಹೇಳುವುದಿಷ್ಟು. ಇಲ್ಲಿ ಮಾರುವ ಪ್ರತಿ ಫೋನಿನಲ್ಲೂ ಸಂವಿಧಾನ ಮಾನ್ಯ ಮಾಡಿದ ಎಲ್ಲ 22 ಭಾಷೆಗಳನ್ನು ಓದಲು ಆಗಬೇಕು. ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಆಗಬೇಕು. ಇದನ್ನು ಪಾಲಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಆದೇಶ ಹೊರಡಿಸಿತು. ಕೊಳ್ಳುವವರು ಮತ್ತು ಸರ್ಕಾರ ಒಟ್ಟಾಗಿ ಕೇಳಿದರೆ ಕಂಪನಿಗಳು ಕೊಡುತ್ತವೆ ಎಂಬುದಕ್ಕೆ ಭಾಷೆಯ ಈ ಉದಾಹರಣೆ ಸಾಕ್ಷಿ.

ಬ್ಯಾಟರಿ, ಕಾರ್ಡು ಮತ್ತು ಕಂಪನಿಗಳ ವಾದ

ಕಂಪನಿಗಳ ಮಾತನ್ನೂ ಕೇಳೋಣ, ಅದು ನ್ಯಾಯ. ಫೋನಿನೊಳಗೆ ಜಾಗ ಕಡಿಮೆ. ಮೂರೂವರೆ ಮಿಲಿಮೀಟರಿನ ತೂತು ಸುಮಾರು ಒಂದೂವರೆ ಸೆಂಟಿಮೀಟರ್ ಆಳಕ್ಕೆ ಹೋಗುತ್ತದೆ. ಅಲ್ಲಿ ದೊಡ್ಡ ಬ್ಯಾಟರಿ ಇಡಬಹುದು. ತೂತು ಕಡಿಮೆಯಾದಷ್ಟೂ ನೀರು ಒಳಗೆ ಹೋಗುವ ದಾರಿ ಕಡಿಮೆ. ಒಳಗಿನ ಮೆಮೊರಿ ಹೊರಗಿನ ಕಾರ್ಡಿಗಿಂತ ವೇಗವಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಹಳೆಯ ಚಾರ್ಜರ್ ಇದ್ದವರಿಗೆ ಮತ್ತೊಂದು ಕೊಡುವುದು ಕಸ ಹೆಚ್ಚಿಸಿದಂತೆ. ಇವೆಲ್ಲ ಸುಳ್ಳಲ್ಲ.

ಆದರೆ ಪೂರ್ತಿ ಸತ್ಯವೂ ಅಲ್ಲ. 2014ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ನೋಡಿ. ಅದರ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ತೆಗೆದು ಬ್ಯಾಟರಿ ಬದಲಾಯಿಸಬಹುದಿತ್ತು. ಮೆಮೊರಿ ಕಾರ್ಡ್ ಹಾಕಬಹುದಿತ್ತು. ಇಯರ್‌ಫೋನ್ ತೂತೂ ಇತ್ತು. ಇಷ್ಟಾದರೂ ಅದಕ್ಕೆ ಐಪಿ67 ಎಂಬ ದರ್ಜೆ ಸಿಕ್ಕಿತ್ತು. ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆದುಕೊಳ್ಳಬಲ್ಲದು. ಇಯರ್‌ಫೋನ್ ತೂತು ತೆಗೆದ ಐಫೋನ್ 7ಕ್ಕೆ ಸಿಕ್ಕಿದ್ದೂ ಇದೇ ದರ್ಜೆ.

ಮೆಮೊರಿಯ ಲೆಕ್ಕ ಇನ್ನೂ ಸ್ಪಷ್ಟ. 2023ರಲ್ಲಿ ಐಫೋನ್ 15 ಬಂದಾಗ 128 ಜಿಬಿ ಮಾದರಿಗೆ 79,900 ರೂಪಾಯಿ, 256 ಜಿಬಿ ಮಾದರಿಗೆ 89,900 ರೂಪಾಯಿ. ಹೆಚ್ಚಿನ 128 ಜಿಬಿಗೆ ಹತ್ತು ಸಾವಿರ. ಅಷ್ಟೇ ಸಾಮರ್ಥ್ಯದ ಕಾರ್ಡನ್ನು ಅದರ ಒಂದು ಚಿಕ್ಕ ಪಾಲಿಗೆ ಅಂಗಡಿಯಲ್ಲಿ ಕೊಳ್ಳಬಹುದಿತ್ತು. ಕಾರ್ಡಿನ ಜಾಗ ಇದ್ದರೆ ಯಾರು ಹತ್ತು ಸಾವಿರ ಕೊಡುತ್ತಾರೆ?

ಬ್ಯಾಟರಿಯ ವಿಷಯ ಆಯುಷ್ಯದ ವಿಷಯ. ಲೀಥಿಯಂ ಅಯಾನ್ ಬ್ಯಾಟರಿ ಐನೂರರಿಂದ ಸಾವಿರ ಬಾರಿ ಪೂರ್ತಿ ತುಂಬಿ ಖಾಲಿಯಾಗುವಷ್ಟರಲ್ಲಿ ತನ್ನ ಶಕ್ತಿಯ ಐದನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಹಿಂದೆ ಹೊಸ ಬ್ಯಾಟರಿ ತಂದು ನಾವೇ ಹಾಕಿಕೊಳ್ಳುತ್ತಿದ್ದೆವು. ಈಗ ಅಂಟು ಹಾಕಿ ಮುಚ್ಚಿದ ಫೋನನ್ನು ಬಿಚ್ಚಲು ಸೇವಾ ಕೇಂದ್ರಕ್ಕೇ ಹೋಗಬೇಕು. 2017ರ ಡಿಸೆಂಬರಿನಲ್ಲಿ ಆ್ಯಪಲ್, ಬ್ಯಾಟರಿ ಸೊರಗಿದ ಹಳೆಯ ಐಫೋನುಗಳ ವೇಗವನ್ನು ತಂತ್ರಾಂಶದಿಂದ ತಗ್ಗಿಸುತ್ತಿದ್ದುದನ್ನು ಒಪ್ಪಿಕೊಂಡಿತು. ಫೋನ್ ಇದ್ದಕ್ಕಿದ್ದಂತೆ ಆರಿಹೋಗದಿರಲಿ ಎಂಬುದು ಕಂಪನಿಯ ಸಮಜಾಯಿಷಿ. ಗ್ರಾಹಕರಿಗೆ ತಿಳಿಸದೆ ಹೀಗೆ ಮಾಡಿದ್ದಕ್ಕೆ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು.

ಹಾಗಾದರೆ ಅಗ್ಗದ ಫೋನಿನಲ್ಲಿ ಇರುವುದು ದುಬಾರಿ ಫೋನಿನಲ್ಲಿ ಇಲ್ಲದಿರುವುದೇಕೆ? ಅಗ್ಗದ ಫೋನ್ ಕೊಳ್ಳುವವನು ಪ್ರತಿ ಸೌಲಭ್ಯವನ್ನೂ ಎಣಿಸುತ್ತಾನೆ. ರೇಡಿಯೋ ಇದೆಯೇ, ಟಾರ್ಚ್ ಇದೆಯೇ, ಎರಡು ಸಿಮ್ ಹಾಕಬಹುದೇ? ಇಲ್ಲವೆಂದರೆ ಪಕ್ಕದ ಕಂಪನಿಯದನ್ನು ಕೊಳ್ಳುತ್ತಾನೆ. ದುಬಾರಿ ಫೋನಿನವನ ಸ್ಥಿತಿ ಬೇರೆ. ಅವನ ಫೋಟೋಗಳು, ಸಂದೇಶಗಳು, ಹಣ ಕೊಟ್ಟು ಕೊಂಡ ಆ್ಯಪ್‌ಗಳು, ಕೈಗಡಿಯಾರ ಎಲ್ಲ ಒಂದೇ ಕಂಪನಿಗೆ ಹೆಣೆದುಕೊಂಡಿರುತ್ತವೆ. ಒಂದು ತೂತು ಹೋಯಿತೆಂದು ಮನೆಯನ್ನೇ ಬದಲಾಯಿಸಲು ಅವನಿಂದ ಆಗುವುದಿಲ್ಲ. ಅವನ ಬೇಸರವನ್ನು ಕಂಪನಿ ಲೆಕ್ಕಕ್ಕೆ ಹಿಡಿದೇ ಇರುತ್ತದೆ. ಕಿತ್ತ ಭಾಗಕ್ಕೆ ಬದಲಿ ವಸ್ತುವನ್ನು ಬೇರೆಯಾಗಿ ಕೊಳ್ಳುವವನೂ ಅವನೇ.

ಕಾನೂನು ಮಾಡಬಲ್ಲದ್ದು

ಒಬ್ಬೊಬ್ಬ ಗ್ರಾಹಕನಿಂದ ಆಗದ್ದು ಕಾನೂನಿನಿಂದ ಆಗುತ್ತದೆ ಎಂಬುದಕ್ಕೆ ಯೂರೋಪ್ ಉದಾಹರಣೆ. 2022ರಲ್ಲಿ ಯೂರೋಪಿನ ಒಕ್ಕೂಟ ಎಲ್ಲ ಫೋನುಗಳಿಗೂ ಒಂದೇ ಬಗೆಯ ಟೈಪ್-ಸಿ ಚಾರ್ಜಿಂಗ್ ಕಿಂಡಿ ಕಡ್ಡಾಯ ಮಾಡಿತು. 2024ರ ಡಿಸೆಂಬರ್ 28ರಿಂದ ಅದು ಜಾರಿಗೆ ಬಂತು. ಅಷ್ಟರೊಳಗೆ, 2023ರ ಸೆಪ್ಟೆಂಬರಿನಲ್ಲೇ, ಐಫೋನ್ ತನ್ನ ಪ್ರತ್ಯೇಕ ಕಿಂಡಿ ಬಿಟ್ಟು ಟೈಪ್-ಸಿಗೆ ಬಂದಿತ್ತು. ಅದರ ಲಾಭ ಬೆಂಗಳೂರಿನವರಿಗೂ ಬೀದರಿನವರಿಗೂ ಸಿಕ್ಕಿತು. 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು. ಕೆಲವು ವಿನಾಯಿತಿಗಳೂ ಇವೆ. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿಯೇ ಒಂದು ಜಾಲತಾಣ ತೆರೆದಿದೆ. ಅದು ಮೊದಲ ಹೆಜ್ಜೆ ಮಾತ್ರ.

ಕೊಳ್ಳುವ ಮುನ್ನ

ಕೊನೆಯದಾಗಿ, ಅಂಗಡಿಗೆ ಹೋಗುವ ಮುನ್ನ ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಫ್‌ಎಂ ರೇಡಿಯೋ ಇದೆಯೇ? ಅಂತರ್ಜಾಲ ಇಲ್ಲದೆ ಕೇಳುತ್ತದೆಯೇ? ಅಂಗಡಿಯಲ್ಲೇ ಸಿಮ್ ತೆಗೆದು, ವೈ-ಫೈ ಆರಿಸಿ, ಹಾಕಿ ತೋರಿಸಲು ಹೇಳಿ. ತಂತಿಯ ಇಯರ್‌ಫೋನ್ ಎಲ್ಲಿ ಚುಚ್ಚಬೇಕು? ಮೆಮೊರಿ ಕಾರ್ಡಿಗೆ ಜಾಗ ಇದೆಯೇ? ಪೆಟ್ಟಿಗೆಯೊಳಗೆ ಚಾರ್ಜರ್ ಇದೆಯೇ, ಇಲ್ಲದಿದ್ದರೆ ಅದರ ಬೆಲೆ ಎಷ್ಟು? ಮೂರು ವರ್ಷದ ನಂತರ ಬ್ಯಾಟರಿ ಬದಲಿಸಲು ಖರ್ಚೆಷ್ಟು, ನಿಮ್ಮ ಊರಿನಲ್ಲಿ ಯಾರು ಮಾಡಿಕೊಡುತ್ತಾರೆ? ಎಷ್ಟು ವರ್ಷ ತಂತ್ರಾಂಶದ ಹೊಸ ಆವೃತ್ತಿ ಬರುತ್ತದೆ? ಕನ್ನಡದಲ್ಲಿ ಬರೆದು ನೋಡಿ. "ರಾಷ್ಟ್ರ", "ಸ್ವಾತಂತ್ರ್ಯ" ಎಂದು ಕುಟ್ಟಿದರೆ ಒತ್ತು ಸರಿಯಾಗಿ ಕೂರುತ್ತದೆಯೇ?

ಒಂದು ಸೌಲಭ್ಯ ಇಲ್ಲದಿರುವುದೇ ಕಾನೂನಿನ ದೃಷ್ಟಿಯಲ್ಲಿ ದೋಷವಾಗುವುದಿಲ್ಲ. ಇದೆ ಎಂದು ಜಾಹೀರಾತಿನಲ್ಲಿ ಹೇಳಿ, ಕೊಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಪರ ಇದೆ. ಬಿಲ್ಲು ಮತ್ತು ಪೆಟ್ಟಿಗೆ ಜೋಪಾನ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕರೆಗೆ ದುಡ್ಡಿಲ್ಲ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ.

ನಿಮ್ಮ ಕೈಯಲ್ಲಿ ಈಗಾಗಲೇ ರೇಡಿಯೋ ಇಲ್ಲದ ಫೋನ್ ಇದ್ದರೆ ಅದನ್ನು ಮಾರಬೇಕಾಗಿಲ್ಲ. ಆದರೆ ಮಲೆನಾಡು, ಕೊಡಗು, ಕರಾವಳಿ, ಕೃಷ್ಣಾ ತೀರದ ಮನೆಗಳವರು ಈ ಮಳೆಗಾಲಕ್ಕೆ ಮುನ್ನ ಪೆನ್ಸಿಲ್ ಸೆಲ್ಲಿನ ಒಂದು ಚಿಕ್ಕ ರೇಡಿಯೋ ಕೊಂಡಿಡಿ. ಸೆಲ್ಲುಗಳನ್ನು ಹೊರಗೆ ಬೇರೆಯಾಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಒಳಗೇ ಬಿಟ್ಟರೆ ಸೋರಿ ಯಂತ್ರ ಹಾಳಾಗುತ್ತದೆ. ನಿಮ್ಮ ಹತ್ತಿರದ ಆಕಾಶವಾಣಿ ಕೇಂದ್ರ ಯಾವ ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ ಎಂದು ಇವತ್ತೇ ಹುಡುಕಿ, ರೇಡಿಯೋ ಬೆನ್ನಿಗೆ ಒಂದು ಚೀಟಿ ಅಂಟಿಸಿ. ಮನೆಯ ಮಕ್ಕಳಿಗೆ ಅದನ್ನು ಹಚ್ಚುವುದು ಹೇಗೆಂದು ಕಲಿಸಿ.